ಎದೆಯಲ್ಲಿ ಏನೂ ಇಲ್ಲ

ಸ್ಕ್ಯಾನ್ ಯಂತ್ರದ ಹಾಸಿಗೆ ಒಳಕ್ಕೆ ಸರಿಯತೊಡಗಿದಾಗ ದೊಡ್ಡ ಡಾಕ್ಟರು ಕಣ್ಣು ಮುಚ್ಚಿಕೊಂಡರು. ಗಾಜಿನ ಈಚೆ ನಿಂತಿದ್ದ ಅವಳು ರೆಪ್ಪೆ ಕೂಡ ಬಡಿಯಲಿಲ್ಲ.

ಊರಿಗೆಲ್ಲ ಅವರು ದೊಡ್ಡ ಡಾಕ್ಟರು. ಜೀವಮಾನವಿಡೀ ಪರರ ಎದೆಬಡಿತ ಕೇಳಿದವರು. ಈಗ ಎಪ್ಪತ್ತರ ಹೊಸ್ತಿಲಲ್ಲಿ ತಮ್ಮ ಎದೆಯಲ್ಲೇ ಆಗಾಗ ಏನೋ ಹಿಂಡಿದಂತಾಗುತ್ತಿತ್ತು. ಆಂಜಿಯೋಗ್ರಾಂನಲ್ಲಿ ಎಲ್ಲೂ ತಡೆ ಕಾಣಲಿಲ್ಲ. ಅಷ್ಟಕ್ಕೆ ಸಮಾಧಾನಪಡುವವರಲ್ಲ ಅವರು. ಹೊಸ ಸಂಶೋಧನೆಗಳನ್ನು ಬಿಡದೆ ಓದುತ್ತಿದ್ದರು. ತಡೆಯಿಲ್ಲದ ರಕ್ತನಾಳವೂ ಒಳಗೊಳಗೇ ಉರಿಯುತ್ತಿರಬಹುದು. ಅದರ ಸುತ್ತಲಿನ ಕೊಬ್ಬು ಹೇಗೆ ಬದಲಾಗಿದೆ, ಎಳೆಯಷ್ಟು ಸಣ್ಣ ನಾಳಗಳಿಗೆ ರಕ್ತ ಹರಿಯುತ್ತಿದೆಯೇ ಎಂದು ಅಳೆದರೆ, ಮುಂದೆಂದೋ ಬರುವ ಹೃದಯಾಘಾತದ ಅಪಾಯವನ್ನು ಇಂದೇ ಅಂದಾಜು ಮಾಡಬಹುದು. ಆ ಚಿತ್ರ ತೆಗೆದು ಓದಬಲ್ಲವಳು ಸುತ್ತಮುತ್ತಲ ಊರುಗಳಲ್ಲಿ ಅವಳೊಬ್ಬಳೇ. ಅದಕ್ಕೇ ಅವಳ ಬಳಿ ಬಂದಿದ್ದರು. ಅವಳ ಗುರುತು ಅವರಿಗೆ ಸಿಗಲಿಲ್ಲ.

ಅವಳಿಗೆ ಅವರ ಬೆರಳುಗಳು ಕೂಡ ನೆನಪಿದ್ದವು.

ಅವಳಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಅಮ್ಮ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದಳು. ಮೆಟ್ಟಿಲು ಹತ್ತಿದರೆ ಎದೆ ಹಿಂಡುತ್ತಿತ್ತು. ಇದೇ ಡಾಕ್ಟರ ಮುಂದೆ ಮತ್ತೆ ಮತ್ತೆ ಹೋಗಿ ಕೂತಳು. ಕೊನೆಯ ಸಲ ಮಗಳೂ ಜೊತೆಗಿದ್ದಳು. ಡಾಕ್ಟರು ಆಂಜಿಯೋಗ್ರಾಂ ಚಿತ್ರವನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ಹೇಳಿದ್ದರು: “ಎದೆಯಲ್ಲಿ ಏನೂ ಇಲ್ಲಮ್ಮ. ಹೆಂಗಸರಿಗೆ ಹೃದಯಕ್ಕಿಂತ ಮನಸ್ಸೇ ಜಾಸ್ತಿ ನೋಯೋದು. ಮನೆಗೆ ಹೋಗಿ ನೆಮ್ಮದಿಯಾಗಿರಿ.”

ಅಮ್ಮ ನಾಚಿಕೊಂಡಳು. ದೊಡ್ಡವರ ಸಮಯ ಸುಮ್ಮನೆ ಹಾಳು ಮಾಡಿದೆನಲ್ಲ ಎಂದು ದಾರಿಯುದ್ದಕ್ಕೂ ಹಲುಬಿದಳು. ಆಮೇಲೆ ಎದೆ ಹಿಂಡಿದಾಗಲೆಲ್ಲ ಮನಸ್ಸನ್ನೇ ಬೈದುಕೊಂಡು ಕೆಲಸ ಮಾಡಿದಳು. ತಿಂಗಳು ತುಂಬುವ ಮೊದಲೇ ಒಂದು ಮಧ್ಯಾಹ್ನ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟವಳು ಮತ್ತೆ ಏಳಲಿಲ್ಲ.

ಅಮ್ಮನಿಗೆ ಇದ್ದದ್ದು ಸಣ್ಣ ನಾಳಗಳ ಕಾಯಿಲೆ, ಅದು ಆಂಜಿಯೋಗ್ರಾಂನ ಕಣ್ಣಿಗೆ ಬೀಳುವಂಥದ್ದಲ್ಲ ಎಂದು ಮಗಳಿಗೆ ಅರ್ಥವಾದದ್ದು ತಾನೇ ಡಾಕ್ಟರಾದ ಮೇಲೆ. ಹಾಗಂತ ಹಗೆ ಆರಲಿಲ್ಲ. ಯಂತ್ರಕ್ಕೆ ಕಾಣದಿದ್ದುದು ಇರಲಿ, ಎದುರಿಗೆ ಕೂತವಳ ಮುಖವೂ ಕಾಣಲಿಲ್ಲವೇ? ಬೂದಿಯಡಿಯ ಕೆಂಡದಂತೆ ಆ ಹಗೆಯನ್ನು ಅವಳು ಜೋಪಾನ ಮಾಡಿಕೊಂಡು ಬಂದಿದ್ದಳು.

ಚಿತ್ರ ತೆರೆಯ ಮೇಲೆ ಮೂಡಿತು. ಒಂದೊಂದು ನಾಳವನ್ನೂ ಹೊರಳಿಸಿ ನೋಡಿದಳು. ಮತ್ತೆ ಮೊದಲಿನಿಂದ ನೋಡಿದಳು. ಅಪಾಯದ ಅಂಕಿ ಮೂಡಿದಾಗ ಅದನ್ನು ಎರಡೆರಡು ಸಲ ಓದಿದಳು. ದೇವರ ಲೆಕ್ಕ ಹೀಗೂ ಇರುತ್ತದೆಯೇ ಎಂದುಕೊಂಡಳು.

“ಮೇಡಂ, ಈ ವಯಸ್ಸಲ್ಲಿ ಇಂಥದ್ದು ನಾನು ನೋಡೇ ಇಲ್ಲ,” ಯಂತ್ರ ನಡೆಸುವ ಹುಡುಗಿ ಪಿಸುಗುಟ್ಟಿದಳು.

“ನಾನೂ ನೋಡಿಲ್ಲ. ಅವರಿಗೆ ನಾನೇ ಹೇಳ್ತೀನಿ. ನೀನು ಬಾಯಿ ಬಿಡಬೇಡ.”

ದೊಡ್ಡ ಡಾಕ್ಟರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅವಳ ಕೋಣೆಯಲ್ಲಿ ಕೂತಿದ್ದರು. ತಾವೂ ಡಾಕ್ಟರೇ, ಏನಿದ್ದರೂ ಮುಚ್ಚಿಡಬೇಡ ಎಂದರು. ಗುಂಡಿ ಕಾಜಕ್ಕೆ ಸೇರುತ್ತಿರಲಿಲ್ಲ.

“ಎದೆಯಲ್ಲಿ ಏನೂ ಇಲ್ಲ ಸರ್,” ಅವಳು ಹೇಳಿದಳು. “ಕೆಲವರಿಗೆ ಹೃದಯಕ್ಕಿಂತ ಮನಸ್ಸೇ ಜಾಸ್ತಿ ನೋಯೋದು. ಮನೆಗೆ ಹೋಗಿ ನೆಮ್ಮದಿಯಾಗಿರಿ.”

ಅವರ ಮುಖ ಅರಳಿತು. ಈಗಲೇ ನೋವು ಅರ್ಧ ಇಳಿಯಿತು ಎಂದು ನಕ್ಕರು. ನಿನ್ನಂಥವರು ಇನ್ನಷ್ಟು ಜನ ಬರಬೇಕು ಎಂದು ಹರಸಿದರು. ಬಾಗಿಲ ಹಿಡಿಗೆ ಕೈ ಹಾಕಿದಾಗ ಅವಳು ತಾನು ಯಾರ ಮಗಳೆಂದು ಹೇಳಿದಳು. ಕಾರ್ಖಾನೆಯ ಹೆಸರು, ಹೊಲಿಗೆಯವಳು, ಪಕ್ಕಕ್ಕೆ ಸರಿಸಿದ ಚಿತ್ರ, ಅಂದು ಅವರಾಡಿದ ಮಾತು, ಎಲ್ಲವನ್ನೂ ದನಿಯೇರಿಸದೆ ಹೇಳಿದಳು.

ನೆನಪಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ನೆನಪಾದದ್ದು ಮುಖದಲ್ಲೇ ಗೊತ್ತಾಯಿತು. ಬಾಗಿಲ ಮೇಲಿದ್ದ ಕೈ ಮೆಲ್ಲನೆ ಎದೆಗೆ ಬಂತು.

“ನೀನು ಈಗ ಹೇಳಿದ್ದು... ನಿಜ ತಾನೇ?”

“ಡಾಕ್ಟರು ಹೇಳಿದ್ರೆ ನಂಬಬೇಕು ಸರ್. ಅಮ್ಮ ನಂಬಿದ್ಲು.”

ಮುಂದಿನದು ಅವಳ ಕಿವಿಗೆ ತಾನಾಗಿಯೇ ಬಂದು ಬೀಳುತ್ತಿತ್ತು. ಚಿತ್ರಗಳನ್ನು ಹಿಡಿದು ಅವರು ಊರೂರು ಅಲೆದರು. ತಡೆಯಿಲ್ಲ ಎಂದರು ಎಲ್ಲರೂ. ಅದು ಅವರಿಗೂ ಗೊತ್ತಿತ್ತು. ಒಳಗಿನ ಉರಿಯ ಮಾತೆತ್ತಿದರೆ, ಅದನ್ನು ಓದಬಲ್ಲವರು ನಿಮ್ಮ ಊರಲ್ಲೇ ಇದ್ದಾರಲ್ಲ ಎಂದು ಅವಳತ್ತಲೇ ಕೈ ತೋರಿಸಿದರು. ದೊಡ್ಡ ಡಾಕ್ಟರು ಚಿಕಿತ್ಸಾಲಯ ಮುಚ್ಚಿದರು. ಮಹಡಿಯಿಂದ ಕೆಳಗಿನ ಕೋಣೆಗೆ ಹಾಸಿಗೆ ಇಳಿಯಿತು. ಮೊಮ್ಮಗುವನ್ನು ಎತ್ತಿಕೊಳ್ಳುವುದು ನಿಂತಿತು. ಸ್ನಾನಕ್ಕೆ ಹೋದರೆ ಚಿಲಕ ಹಾಕುತ್ತಿರಲಿಲ್ಲ. ಕೂತಲ್ಲೇ ತಮ್ಮ ನಾಡಿ ತಾವೇ ಹಿಡಿದು ನೋಡಿಕೊಳ್ಳುತ್ತಿದ್ದರು. ಪ್ರತಿ ಸುದ್ದಿಗೂ ಅವಳಿಗೆ ಊಟ ಹೆಚ್ಚು ರುಚಿಸುತ್ತಿತ್ತು.

ಒಂದು ಮಧ್ಯಾಹ್ನ ಅವರ ಹೆಂಡತಿ ಬಂದರು. ಗಂಡ ತಪ್ಪು ಒಪ್ಪಿಕೊಂಡು ಅತ್ತಿದ್ದನ್ನು ಹೇಳಿದರು. ಮನುಷ್ಯ ಅರ್ಧ ಇಳಿದುಹೋಗಿದ್ದಾರೆ, ಕಾಯಿಲೆ ಏನೆಂದು ಗೊತ್ತಾದರೆ ಔಷಧಿಯಾದರೂ ಶುರುಮಾಡಬಹುದು ಎಂದರು. ಆಮೇಲೆ ಕೈ ಮುಗಿದರು.

“ನಿನ್ನ ತಾಯಿಯ ವಯಸ್ಸಿನವಳು ಕೇಳ್ತಿದ್ದೀನಿ. ನಿಜ ಹೇಳಮ್ಮ. ಅವರ ಎದೆಯಲ್ಲಿ ಏನಿದೆ?”

ಅವಳು ಆ ಮುಗಿದ ಕೈಗಳನ್ನು ಹಿಡಿದುಕೊಂಡಳು. “ಏನೂ ಇಲ್ಲಮ್ಮ.”

ಆಕೆ ಕೈ ಕಿತ್ತುಕೊಂಡರು. ಇಷ್ಟು ಕಲ್ಲಾಗಬಾರದು ಹೆಣ್ಣುಜೀವ ಎಂದು ಹೇಳಿ, ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲಿಳಿದು ಹೋದರು.

ಬಾಗಿಲು ಮುಚ್ಚಿಕೊಂಡ ಮೇಲೆ ಅವಳು ದೊಡ್ಡ ಡಾಕ್ಟರ ಹೃದಯವನ್ನು ಇನ್ನೊಮ್ಮೆ ತೆರೆಯ ಮೇಲೆ ತಂದಳು: ಎಲ್ಲೂ ತಡೆಯಿಲ್ಲ, ಉರಿಯಿಲ್ಲ, ಒಂದು ಕಲೆಯೂ ಇಲ್ಲ, ಇಪ್ಪತ್ತರ ಹುಡುಗನದಕ್ಕೂ ಮಿಗಿಲಾದ ಆ ಹೃದಯ ಇನ್ನೂ ಬಹಳ ವರ್ಷ ಅವರನ್ನು ಹೀಗೇ ಬದುಕಿಸಲಿತ್ತು.