ಹೊಸ್ತಿಲಾಚೆಯ ಮಾತು

"ಅಕ್ಕಾ, ಈ ಅಂಗೀನ ಮತ್ತೆ ಹಿಡಿದು ಹೊಲ್ದಿದ್ದೀಯ ಅಲ್ವಾ?" ತಂಗಿ ಸೊಪ್ಪಿನ ಗಂಜಿಯಲ್ಲಿ ಸುಮ್ಮನೆ ಚಮಚ ಆಡಿಸುತ್ತ ಕೇಳಿದಳು. "ನಾನು ಕರಗಿ ಹೋಗ್ತಾ ಇದ್ದೀನಿ."

"ಕೆಟ್ಟ ಮಾತು!" ಅವಳ ಮಗಳು ಗಿಣಿ ತಟ್ಟನೆ ಕೈಯೆತ್ತಿದಳು. "ಅಮ್ಮ ಔಟ್! ಎದ್ದು ಹೊರಗೆ ಹೋಗು."

ಅದು ಗಿಣಿಯ ದೊಡ್ಡಮ್ಮ ಮಾಡಿದ ಕಾನೂನು. ಊಟದ ಹೊತ್ತಿನಲ್ಲಿ ರೋಗ, ನೋವು, ಸಾವು ಯಾವುದರ ಸುದ್ದಿಯೂ ಕೂಡದು. ಬಾಯಿ ತಪ್ಪಿ ಆಡಿದವರು ಎದ್ದು, ಹೊಸ್ತಿಲು ದಾಟಿ, ಆ ಮಾತನ್ನು ಅಲ್ಲೇ ಬಿಟ್ಟು ಬಂದು ಮತ್ತೆ ತಟ್ಟೆಯ ಮುಂದೆ ಕೂರಬೇಕು. ಹೊಟ್ಟೆಯ ಆಪರೇಷನ್ ಮುಗಿಸಿಕೊಂಡು ತಂಗಿ ಮನೆಗೆ ಬಂದ ದಿನವೇ ಇದು ಜಾರಿಗೆ ಬಂದಿತ್ತು. ಡಾಕ್ಟರು ಹೇಳಿದ್ದು ಇಷ್ಟೇ: ಮೈಯಲ್ಲಿ ಕಸುವು ಬರಬೇಕು, ತೂಕ ಏರಬೇಕು; ಇಲ್ಲದಿದ್ದರೆ ಮುಂದಿನ ಔಷಧವನ್ನು ದೇಹ ತಾಳಿಕೊಳ್ಳುವುದಿಲ್ಲ. ಅಕ್ಕ ಟೊಂಕ ಕಟ್ಟಿ ನಿಂತಳು. ಸಕ್ಕರೆಯ ಡಬ್ಬ, ಕರಿದ ತಿಂಡಿ ಮನೆಯಿಂದ ಹೊರಬಿದ್ದವು. ಹೊಲಿಗೆಯಂತ್ರದ ಪಕ್ಕದ ಕಿಟಕಿಯಲ್ಲಿ, ದಾರದ ಉಂಡೆಗಳಿದ್ದ ಜಾಗದಲ್ಲಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಕಾಳು ಮೊಳಕೆಯೊಡೆಯತೊಡಗಿತು. ತಾರಸಿಯ ಹಳೇ ಬಕೆಟ್ಟುಗಳಲ್ಲಿ ಸೊಪ್ಪು ಎದ್ದಿತು. ಹೊಟ್ಟೆಗೆ ಒಳ್ಳೆಯದು ಬಿದ್ದು, ಕಿವಿಗೂ ಒಳ್ಳೆಯದೇ ಬೀಳುತ್ತಿದ್ದರೆ ತಂಗಿ ಎದ್ದು ಓಡಾಡುತ್ತಾಳೆಂದು ಅವಳು ನಂಬಿದ್ದಳು. ನಂಬದೆ ಅವಳಿಗೆ ಬೇರೆ ದಾರಿಯೂ ಇರಲಿಲ್ಲ.

ಆದರೆ ತಂಗಿಯ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಮೈ ಮಾತ್ರ ಇಳಿಯುತ್ತಿತ್ತು. ಅದು ಅವಳ ಕಣ್ಣಿಗೆ ಬೀಳಬಾರದೆಂದು ಅಕ್ಕ, ಒಗೆದು ಒಣಗಿದ ಅಂಗಿಗಳ ಬದಿಯ ಹೊಲಿಗೆ ಬಿಚ್ಚಿ, ಒಂದಿಷ್ಟು ಬಟ್ಟೆ ಒಳಗೆ ಹಿಡಿದು ಹೊಲಿದು, ಇಸ್ತ್ರಿ ಹಾಕಿ, ಏನೂ ಆಗಿಲ್ಲವೆಂಬಂತೆ ಮಡಚಿಡುತ್ತಿದ್ದಳು. ಮೈಗೆ ಸರಿಯಾಗಿ ಕೂರುವ ಅಂಗಿ ತೊಟ್ಟವಳಿಗೆ ತಾನು ಸೊರಗಿದ್ದೇನೆ ಅನ್ನಿಸುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ಇದೇ ಯಂತ್ರದ ಸದ್ದು ಕೇಳುತ್ತ, ಅಕ್ಕ ಹೊಲಿದ ಅಂಗಿಗಳಿಗೆ ಗುಂಡಿ ಹಚ್ಚುತ್ತ ಬೆಳೆದವಳಿಗೆ ಹಳೆಯ ಬಟ್ಟೆಯ ಮೇಲಿನ ಹೊಸ ಹೊಲಿಗೆ ಕಾಣದೇ ಇದ್ದೀತೇ? ಅದನ್ನು ಮಾತ್ರ ಅಕ್ಕ ಮರೆತಿದ್ದಳು.

"ಔಟ್ ಅಂದ್ಮೇಲೆ ಔಟ್," ಎಂದು ತಂಗಿ ಗೋಡೆ ಹಿಡಿದು ಎದ್ದಳು.

"ಕೂತ್ಕೊಳೇ, ಇವತ್ತು ನಿಂಗೆ ಮಾಫಿ."

"ಕಾನೂನು ಎಲ್ಲರಿಗೂ ಒಂದೇ." ಹೆಜ್ಜೆಗೊಮ್ಮೆ ನಿಂತು, ನಿಂತು, ಅವಳು ಹೊಸ್ತಿಲು ದಾಟಿದಳು. ಒಳಗಿನವರು ಕಾದರು. ಗಂಜಿಯ ಹಬೆ ಆರಿತು. ಅವಳು ಬರಲಿಲ್ಲ.

ಅಕ್ಕ ತಂಗಿಯ ಗಂಜಿಯ ಬಟ್ಟಲು ಹಿಡಿದೇ ಹೊರಗೋಡಿದಳು. ತಂಗಿ ಮೆಟ್ಟಿಲ ಮೇಲೆ ಕೂತು ಬೀದಿ ನೋಡುತ್ತಿದ್ದಳು. ಎದುರುಮನೆಯವನು ಸೈಕಲ್ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ.

"ಬಾ ಒಳಗೆ. ಬಿಟ್ಟಾಯ್ತಲ್ಲ ಮಾತನ್ನ?"

"ಅದು ಸಣ್ಣದು. ದೊಡ್ಡದು ಇನ್ನೂ ಒಳಗೇ ಇದೆ." ತಂಗಿ ತಿರುಗಿ ನೋಡಲಿಲ್ಲ. "ಇಲ್ಲಿ ಆಡಬಹುದಲ್ಲ? ಇದು ಹೊರಗೆ."

ಅಕ್ಕ ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ಸೆರಗೋ ಅಳತೆಯ ಟೇಪೋ ಏನೋ ಕಾಲಿಗೆ ತೊಡರಿದವಳಂತೆ ತಡವರಿಸಿ ಪಕ್ಕದಲ್ಲಿ ಕೂತಳು. "ಆಡು."

"ನಾನು ಉಳೀದಿದ್ರೆ ಗಿಣಿ ಯಾರ ಹತ್ರ ಇರ್ತಾಳೆ? ಅವರಪ್ಪ ಅಂತೂ ಬಿಟ್ಟು ಹೋದ. ಯಾವಾಗ ಕೇಳಿದ್ರೂ ನೀನು 'ಒಳ್ಳೇದನ್ನ ಯೋಚನೆ ಮಾಡು' ಅಂತೀಯ. ಈ ಪ್ರಶ್ನೇನೇ ನುಂಗಿ ನುಂಗಿ ಗಂಟಲು ಕಟ್ಟಿದೆ ಅಕ್ಕಾ. ನಿನ್ನ ಗಂಜಿಗೆ ಜಾಗ ಎಲ್ಲಿದೆ?"

ಎಂದಿನ ಉತ್ತರ ಅಕ್ಕನ ತುದಿನಾಲಿಗೆಗೆ ಬಂತು. ಈ ಸಲ ತಡೆದುಕೊಂಡಳು.

"ನನ್ನ ಹತ್ರ ಇರ್ತಾಳೆ," ಎಂದಳು. "ಇನ್ಯಾರ ಹತ್ರ? ನನ್ನ ಮಂಚದಲ್ಲೇ ಮಲಗ್ತಾಳೆ. ಅವಳು ಸಾಕು ಅನ್ನೋವರೆಗೂ ಓದಿಸ್ತೀನಿ. ಅವರಪ್ಪ ಬಂದು ಬಾಗಿಲು ತಟ್ಟಿದ್ರೆ ಕತ್ತರಿ ತೋರಿಸಿ ಓಡಿಸ್ತೀನಿ."

"ಬೈತೀಯಾ ಅವಳಿಗೆ?"

"ಬೈತೀನಿ. ನಿನ್ನ ಬೈದು ಬೆಳೆಸಲಿಲ್ವಾ?"

"ಈ ಸೊಪ್ಪಿನ ಗಂಜಿ?"

"ದಿನಾ ಕುಡಿಸ್ತೀನಿ."

"ಅಯ್ಯೋ ಪಾಪ ನನ್ನ ಕೂಸೇ!" ತಂಗಿ ನಕ್ಕಳು. ಒಳಗೆ, ಊಟದ ಹೊತ್ತಿನಲ್ಲಿ ಎಲ್ಲರೂ ನಗುವ ನಗುವಲ್ಲ ಅದು. ಎದುರುಮನೆಯವನು ಪಂಪು ನಿಲ್ಲಿಸಿ ಈ ಕಡೆ ತಿರುಗಿದ.

"ನಂಗೂ ಭಯ ಕಣೇ," ಅಕ್ಕ ಬೀದಿಗೆ ಹೇಳುವವಳಂತೆ ಹೇಳಿದಳು. "ನಿನ್ನ ಬಾಯಿ ಮುಚ್ಚಿಸಿದ್ರೆ ನನ್ನ ಭಯಾನೂ ಸುಮ್ಮನಿರುತ್ತೆ ಅಂದ್ಕೊಂಡಿದ್ದೆ."

ತಂಗಿ ಅಕ್ಕನ ಕೈಯಿಂದ ಬಟ್ಟಲು ತೆಗೆದುಕೊಂಡಳು. ಗಂಜಿ ತಣ್ಣಗಾಗಿ ಕೆನೆಗಟ್ಟಿತ್ತು. ಒಂದು ಚಮಚ ಬಾಯಿಗಿಟ್ಟಳು, ಬಾಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು, ನುಂಗಿದಳು. ಮತ್ತೊಂದು. ಬಟ್ಟಲ ತಳ ಕಾಣುವವರೆಗೂ ಅಕ್ಕ ಆ ಗಂಟಲನ್ನೇ ನೋಡುತ್ತ ಕೂತಳು.

ಹಿಂದೆ ಸಪ್ಪಳವಾಯಿತು. ಗಿಣಿ ತನ್ನ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲದಂತೆ ಹೊಸ್ತಿಲು ದಾಟಿ ಬಂದು, ಅವರಿಬ್ಬರ ಕೆಳಗಿನ ಮೆಟ್ಟಿಲ ಮೇಲೆ ಕೂತಳು.

"ನೀನ್ಯಾಕೆ ಬಂದೆ ಪುಟ್ಟಾ?" ದೊಡ್ಡಮ್ಮ ಕೇಳಿದಳು. "ನೀನೇನೂ ಕೆಟ್ಟ ಮಾತು ಅಂದಿಲ್ವಲ್ಲ."

ಹುಡುಗಿ ತಟ್ಟೆಯನ್ನೇ ನೋಡುತ್ತ ಹೇಳಿದಳು:

"ಇನ್ನೂ ಅಂದಿಲ್ಲ."