ಒಂಟಿ ಓಲೆ

ಕಪ್ಪು ಯಂತ್ರ ನೀರಿಗಿಳಿದದ್ದೇ ತಡ, ಕಿರುಚತೊಡಗಿತು. ಕಲ್ಲಿಗೂ ಕಿರುಚಿತು, ಮರಳಿಗೂ ಕಿರುಚಿತು. ಕಂಬಳಿ ಒಗೆಯುತ್ತಿದ್ದ ಗುರುಸಿದ್ದಮ್ಮ ಕೆಲಸ ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಇದ್ಕಿಂತ ನಮ್ಮ ನಾಯಿ ವಾಸಿ ಕಣೋ ಲೋಹಿ. ಗೊತ್ತಿಲ್ದೋರ್ಗೆ ಮಾತ್ರ ಬೊಗಳ್ತದೆ.”

“ಇಲ್ಲಿ ಮರಳಲ್ಲಿ ಕಬ್ಬಿಣದ ಕರಿಪುಡಿ ಜಾಸ್ತಿ ದೊಡ್ಡಮ್ಮ, ಅದಕ್ಕೇ ಬಡ್ಕೊಳ್ತಾ ಇದೆ,” ಎಂದ ಲೋಹಿತ್.

ತಂಗಿಯ ಮಗನಾದ ಅವನಿಗೆ ಕಾವೇರಿಯಲ್ಲಿ ರಾಫ್ಟಿಂಗ್ ದೋಣಿ ನಡೆಸುವ ಕೆಲಸ. ಪ್ರವಾಸಿಗರು ನೀರಾಟವಾಡಿ ಉಂಗುರ ಕಳೆದುಕೊಂಡು ಅಳುವುದನ್ನು ನೋಡಿ ನೋಡಿ, ಲೋಹ ಹುಡುಕುವ ಯಂತ್ರವೊಂದನ್ನು ಕೊಳ್ಳಲು ಹೊರಟಿದ್ದ. ಮೈಸೂರಿನ ಪರಿಚಯದವನೊಬ್ಬ ಎರಡು ಯಂತ್ರ ಕೊಟ್ಟು, ಬೇಕಾದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಸಂಜೆ ಬಸ್ಸಿಗೆ ಹಾಕು ಎಂದಿದ್ದನಂತೆ. ಬೆಳಿಗ್ಗೆ ಕುಶಾಲನಗರದ ಸೇತುವೆಯ ಕೆಳಗೆ ಪರೀಕ್ಷೆಗೆ ಹೋಗಿ ಪೇಚಿಗೆ ಸಿಕ್ಕಿದ್ದ. ಬಸ್ಸಿನಲ್ಲಿ ಹೋಗುವವರೆಲ್ಲ ಕಾವೇರಮ್ಮನಿಗೆ ಕೈಮುಗಿದು ಕಾಸು ಎಸೆಯುವ ಜಾಗವದು, ಹೆಜ್ಜೆಗೊಂದು ಸದ್ದು. ಯಾವುದು ಒಳ್ಳೆಯದು ಅಂತ ಹೇಗೆ ತಿಳಿಯಬೇಕು? ಅದಕ್ಕೇ ಈಗ ಊರಿನ ಒಗೆಯುವ ಕಲ್ಲಿನ ಹತ್ತಿರ ಬಂದಿದ್ದ.

“ಒಂದು ಚಿಕ್ಕ ಬಂಗಾರದ ಚೂರು ಸಿಕ್ಕಿದ್ರೆ ನೀರಿಗೆ ಹಾಕಿ ನೋಡಬಹುದಿತ್ತು ದೊಡ್ಡಮ್ಮ.”

ಗುರುಸಿದ್ದಮ್ಮನ ಕೈ ಸೊಂಟದ ಚೀಲಕ್ಕೆ ಹೋಯಿತು. ಇದೇ ಕಲ್ಲಿನ ಮೇಲೆ ಬಗ್ಗಿ ಒಗೆಯುವಾಗ, ಇಪ್ಪತ್ತೆರಡು ವರ್ಷದ ಕೆಳಗೆ, ಅತ್ತೆ ಕೊಟ್ಟ ಏಳೇಳು ಹರಳಿನ ಜೋಡಿ ಓಲೆಯಲ್ಲಿ ಒಂದು, ತಿರುಪು ಸಡಿಲಾಗಿ, ನೀರಿಗೆ ಬಿದ್ದಿತ್ತು. ಮೂರು ದಿನ ಹೊಳೆ ತಡಕಿದ್ದಳು. ಹೊಳೆಗೆ ಬಿತ್ತು ಎಂದು ಎಷ್ಟು ಹೇಳಿದರೂ ಗಂಡ ಕೆಂಪಣ್ಣ ನಂಬಲಿಲ್ಲ, ಒಂದು ಮಾತು ಬೈಯಲೂ ಇಲ್ಲ. ಬೈದಿದ್ದರೆ ಅಂದಿಗೆ ಮುಗಿದುಹೋಗುತ್ತಿತ್ತು. ಅಂದಿನಿಂದ ಮನೆಯಲ್ಲಿ ಒಂದು ಚೊಂಬು ಕಾಣದಿದ್ದರೂ, “ನಿಮ್ಮಣ್ಣನ ಮನೇಲಿರ್ಬೇಕು ನೋಡು, ಓಲೆ ಜೊತೇಲಿ,” ಎಂದು ನಗುವುದೊಂದು ಅಭ್ಯಾಸವಾಯಿತು ಅವನಿಗೆ. ಹಾಳಾದ ನಗು! ಉಳಿದ ಒಂಟಿ ಓಲೆಯನ್ನು ಅವಳು ಎಲೆಅಡಿಕೆ ಚೀಲದಲ್ಲಿ ಸುತ್ತಿಟ್ಟುಕೊಂಡು ಓಡಾಡುತ್ತಿದ್ದಳು. ಅದರಲ್ಲೂ ಒಂದು ಹರಳು ಉದುರಿ ಈಗ ಆರೇ ಉಳಿದಿದ್ದವು.

ಚೀಲ ಬಿಚ್ಚಿ ಓಲೆ ತೆಗೆದಳು. ಒದ್ದೆ ಕಂಬಳಿ ಹೊರಲು ಬಂದು ದಂಡೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ ಕೆಂಪಣ್ಣ ದಡಬಡಿಸಿ ಎದ್ದ.

“ಏನೇ, ಇರೋ ಒಂದನ್ನೂ ಕಳೀತೀಯಾ?”

“ಕಳೆದ್ರೆ ಅದೂ ನಮ್ಮಣ್ಣನ ಮನೆಗೆ ಹೋಯ್ತು ಅಂದ್ಕೊಳ್ಳಿ,” ಎಂದವಳೇ ಕಲ್ಲಿನ ಮೇಲೆ ಅಂದು ನಿಂತಿದ್ದಲ್ಲೇ ನಿಂತು, ಅಂದು ಬಗ್ಗಿದ ಹಾಗೆಯೇ ಬಗ್ಗಿ, ಕಿವಿಯ ಹತ್ತಿರ ಕೈಯಿಟ್ಟು ಓಲೆಯನ್ನು ಬಿಟ್ಟಳು. ಬುಳುಕ್ ಎಂದಿತು, ಅಷ್ಟೇ. ಅವಳು ಬಗ್ಗಿದಲ್ಲೇ ನೀರು ದಿಟ್ಟಿಸಿದಳು. ಇದ್ದದ್ದೂ ಹೋಯಿತಲ್ಲ ತಾಯೀ!

ಲೋಹಿತ್ ಕಪ್ಪು ಯಂತ್ರದ ಸೂಕ್ಷ್ಮತೆ ತಗ್ಗಿಸಿ ಆಡಿಸಿದ. ಕಿರುಚಾಟವೇನೋ ನಿಂತಿತು, ಬಂಗಾರಕ್ಕೂ ಬಾಯಿ ಬಿಡಲಿಲ್ಲ. ಅದನ್ನು ದಂಡೆಗಿಟ್ಟು, ನೀರಿನೊಳಗೇ ಮುಳುಗಿಸಬಹುದಾದ ಹಳದಿ ಯಂತ್ರ ಹಿಡಿದು ಹೆಡ್‌ಫೋನ್ ಹಾಕಿಕೊಂಡ. ದುಂಡು ತಟ್ಟೆ ಮೊಣಕಾಲುದ್ದದ ನೀರಿನ ತಳದಲ್ಲಿ ಮೆಲ್ಲಗೆ ಸರಿಯಿತು. ಕಲ್ಲಿನ ಬುಡದ ಬಿರುಕಿನ ಹತ್ತಿರ ನಿಂತಿತು. ಹುಡುಗನ ಮುಖ ಅರಳಿತು. “ದೊಡ್ಡಮ್ಮಾ, ಇದೇ! ಎಷ್ಟು ಸಣ್ಣಗೆ ಹೇಳ್ತಿದೆ ಗೊತ್ತಾ?” ಎನ್ನುತ್ತ ಬಿರುಕಿಗೆ ಕೈ ಹಾಕಿ, ಹಿಡಿ ತುಂಬ ಮರಳು ಎತ್ತಿ ಅವಳ ಅಂಗೈಗೆ ಸುರಿದ.

ಮರಳು ಬೆರಳ ಸಂದಿಯಲ್ಲಿ ಜಾರಿ ಓಲೆ ಉಳಿಯಿತು. ಗುರುಸಿದ್ದಮ್ಮ ಕಣ್ಣಿಗೊತ್ತಿಕೊಂಡಳು. ಚೀಲಕ್ಕೆ ಹಾಕುವ ಮುನ್ನ ಉಗುರಿನಿಂದ ಕೊಳೆ ಕೆರೆದಳು. ಮತ್ತೆ ಕೆರೆದಳು. ಎಣಿಸಿದಳು. ಎರಡು ಸಲ ನೆರೆ ಬಂದು ಈ ಹೊಳೆ ದಂಡೆಯ ಮರಗಳನ್ನೇ ಬೇರು ಸಮೇತ ಕಿತ್ತುಕೊಂಡು ಹೋಗಿತ್ತು. ಉಗುರಿನಷ್ಟು ಬಂಗಾರವನ್ನು ಮಾತ್ರ ಬಿದ್ದಲ್ಲೇ ಮಡಿಲಲ್ಲಿಟ್ಟುಕೊಂಡು ಕಾದಿತ್ತು.

“ಲೋಹಿ,” ಎಂದಳು. “ಇದು ನಾನು ಈಗ ಹಾಕಿದ್ದಲ್ಲ ಕಣೋ. ಇದ್ರಲ್ಲಿ ಏಳೂ ಅವೆ.”

ಕೆಂಪಣ್ಣ ಚಪ್ಪಲಿ ಹಾಕಿಕೊಂಡೇ ನೀರಿಗೆ ಇಳಿದ. ಅವಳ ಅಂಗೈಯನ್ನು ಹತ್ತಿರಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿ, ಒಂದೊಂದೇ ಹರಳಿನ ಮೇಲೆ ಬೆರಳಿಟ್ಟ. ಏಳಕ್ಕೆ ಬಂದು ಬೆರಳು ನಿಂತಿತು.

“ಯಂತ್ರ ಇನ್ನೂ ಕೂಗ್ತಾನೇ ಇದೆ ದೊಡ್ಡಮ್ಮ,” ಎಂದ ಲೋಹಿತ್ ಪಿಸುದನಿಯಲ್ಲಿ. “ಇನ್ನೊಂದೂ ಅಲ್ಲೇ ಇದೆ.”

ಅವನು ಮತ್ತೆ ಬಗ್ಗಲು ಹೋದ. ಗುರುಸಿದ್ದಮ್ಮ ತಡೆದಳು. ಅವನ ತಲೆಯಿಂದ ಹೆಡ್‌ಫೋನ್ ತೆಗೆದು, ಗಂಡನ ಎರಡೂ ಕಿವಿಗೆ ಬಿಗಿಯಾಗಿ ಕೂರಿಸಿದಳು. ಕೆಂಪಣ್ಣನ ಕಣ್ಣು ಅಗಲವಾದವು. ಅವನು ಉಸಿರು ಬಿಗಿಹಿಡಿದು ನಿಂತ. ಅವಳು ಒಂದು ಕಿವಿಯ ಬಟ್ಟಲನ್ನು ತುಸು ಸರಿಸಿ, ಅಲ್ಲಿ ಬಾಯಿಟ್ಟು ಹೇಳಿದಳು:

“ಚೆನ್ನಾಗಿ ಕೇಳಿಸ್ಕೊಳ್ಳಿ. ಇಪ್ಪತ್ತೆರಡು ವರ್ಷದಿಂದ ನಾನು ಹೇಳಿದ್ದನ್ನೇ ಅದೂ ಹೇಳ್ತಿರೋದು.”