ಗಾಳಿಗೆ ತಂದ ಪಂಜರ

ಎರಡನೇ ಪಾಳಿಗೆ ಹೊರಟಿದ್ದ ಲತಾಮಣಿ ಫ್ಯಾಕ್ಟರಿಯ ನೀಲಿ ಅಂಗಿಗೆ ಗುಂಡಿ ಹಾಕುತ್ತಾ ನಡುಮನೆಗೆ ಬಂದವಳು ಪಂಜರದ ಮುಂದೆ ನಿಂತುಬಿಟ್ಟಳು. ಮಗಳು ಸೌಮ್ಯಳ ಲವ್‌ಬರ್ಡ್ ಮಿಂಚು ಕಡ್ಡಿಯ ಮೇಲಿರಲಿಲ್ಲ. ತಳದಲ್ಲಿ, ಪುಕ್ಕವನ್ನೆಲ್ಲ ಉಬ್ಬಿಸಿಕೊಂಡು, ಕೊಕ್ಕು ತೆರೆದು, ಅರೆಗಣ್ಣು ಮುಚ್ಚಿ ಕೂತಿತ್ತು. ಬೆಳಗ್ಗೆ ಇದೇ ಹಕ್ಕಿ ಸೌಮ್ಯಳ ಜಡೆಯ ರಿಬ್ಬನ್ನು ಕಚ್ಚಿ ಎಳೆದು ಅವಳನ್ನು ಸ್ಕೂಲಿಗೆ ಹೊರಡಗೊಟ್ಟಿರಲಿಲ್ಲ.

"ಅತ್ತೆ, ಇದು ಯಾವಾಗಿಂದ ಹಿಂಗೆ ಕೂತದೆ?"

"ಆಗ್ಲಿಂದ್ಲೂ ತೂಕಡಿಸ್ತಾ ಐತೆ," ಎಂದಳು ರಾಗಿ ಕೇರುತ್ತಿದ್ದ ಮಾಯಮ್ಮ. "ಕಾಯ್ಲೆ ಬಿದ್ದೈತೆ ಕಣವ್ವ. ಎತ್ತಿ ಹಿತ್ಲಾಚೆ ಮಡಗ್ಬುಡು. ನಾಳೆ ಹುಳ ಬತ್ತವೆ ಮನೆಗೆ."

ರೇಷ್ಮೆ ಹುಳ ಸಾಕುವ ಮನೆಯ ಕಟ್ಟುನಿಟ್ಟು ಅದು. ತಟ್ಟೆಯಲ್ಲಿ ಒಂದು ಹುಳ ಸೊಪ್ಪು ಬಿಟ್ಟು ಮಂಕಾಯಿತೋ, ಅದಕ್ಕೆ ಔಷಧಿಯಿಲ್ಲ, ಕನಿಕರವಿಲ್ಲ. ಕಡ್ಡಿಯಲ್ಲಿ ಎತ್ತಿ ಸುಣ್ಣಕ್ಕೆ ಹಾಕುವುದು. ಒಂದನ್ನು ಉಳಿಸಲು ಹೋದರೆ ಇಡೀ ಬೆಳೆ ಕೈಬಿಡುತ್ತದೆ. ಹಾಗೆ ಎತ್ತಿಹಾಕಿದ ಕೈಯಿಂದಲೇ ಮಾಯಮ್ಮ ಈ ಮನೆ ಕಟ್ಟಿದ್ದು.

"ಹಕ್ಕಿ ಹುಳ ಅಲ್ಲ ಅತ್ತೆ."

"ಅದ್ನ ಹುಳುಕ್ಕೆ ಯೋಳು. ಒಪ್ಕಂಡ್ರೆ ಮಡೀಕೋ."

ಬಾಯಿ ಹಾಗಂದರೂ ಮುದುಕಿ ಮೊರ ಕೆಳಗಿಟ್ಟು ಚಮಚದಲ್ಲಿ ನೀರು ತಂದಳು. ಲತಾಮಣಿ ಕೈ ಅಡ್ಡ ಹಿಡಿದಳು. "ಬ್ಯಾಡ! ಉಸ್ರಿಗೆ ಒದ್ದಾಡ್ತಾ ಇರೋದುಕ್ಕೆ ನೀರು ಹುಯ್ದ್ರೆ ನೆತ್ತಿಗೇರಿ ಸತ್ತೋಯ್ತದೆ."

ಪಂಜರದ ಹತ್ತಿರ ಬಗ್ಗಿದಾಗ ಅವಳ ಕಣ್ಣು ಚುರ್ರೆಂದಿತು. ಗೋಡೆಯ ಆ ಕಡೆಗೇ ಹುಳದ ಮನೆ. ಗಂಡ ಲೋಕೇಶ ಹೊಸ ಬೆಳೆಗೆಂದು ಬೆಳಗ್ಗೆ ಅಲ್ಲಿ ರೋಗ ಕಳೆಯುವ ಘಾಟು ಔಷಧಿ ಫಾರ್ಮಲಿನ್ ಹೊಡೆದು, ಬಾಗಿಲ ಸಂದಿಗೆಲ್ಲ ಗೋಣಿತಾಟು ತುರುಕಿ, ಪೇಟೆಗೆ ಹೋಗಿದ್ದ. ಗೋಡೆಯ ಮೇಲಿನ ಕಿಂಡಿಗೆ ಮಾತ್ರ ಏನೂ ತುರುಕಿರಲಿಲ್ಲ. ಪಂಜರ ಅದರ ಕೆಳಗೇ ತೂಗುತ್ತಿತ್ತು. ಬೆಳೆ ಬೆಳೆಗೂ ಮೂಗಿಗೆ ಅಭ್ಯಾಸವಾದ ವಾಸನೆ, ಯಾರಿಗೂ ಹೊಳೆದಿರಲಿಲ್ಲ. ಮಿಂಚು ಈ ಮನೆಗೆ ಬಂದದ್ದು ಹೋದ ಬೆಳೆ ಮುಗಿದ ಮೇಲೆ.

ಬಿಡದಿಯ ಫ್ಯಾಕ್ಟರಿಯ ಪೇಂಟ್ ವಿಭಾಗಕ್ಕೆ ಸೇರಿದ ದಿನವೇ ಅವಳಿಗೆ ಹೇಳಿಕೊಟ್ಟಿದ್ದರು: ಹೊಗೆಯಲ್ಲಿ ಯಾರಾದರೂ ಬಿದ್ದರೆ ಮೊದಲು ಗಾಳಿಗೆ ತನ್ನಿ, ವಿಚಾರಣೆ ಆಮೇಲೆ. ಲತಾಮಣಿ ಪಂಜರವನ್ನು ಕೊಕ್ಕೆಯಿಂದ ಬಿಡಿಸಿಕೊಂಡು ಅಂಗಳ ದಾಟಿ ಹೊಂಗೆಮರದ ಬುಡಕ್ಕೆ ತಂದಳು. ಹಕ್ಕಿ ಬೆಚ್ಚಗಿರಲೆಂದು ಮೂರು ಕಡೆ ಟವಲು ಸುತ್ತಿದಳು. ಅಷ್ಟರಲ್ಲಿ ರಸ್ತೆಯಲ್ಲಿ ಫ್ಯಾಕ್ಟರಿ ವ್ಯಾನು ಹಾರನ್ ಹೊಡೆಯಿತು.

"ಓಗವ್ವ, ವ್ಯಾನ್ ಬಂತು. ಹಕ್ಕಿಗೋಸ್ಕರ ಕೆಲ್ಸ ಕಳ್ಕಂಡೋರ್ನ ನಾನೆಲ್ಲೂ ಕಂಡಿಲ್ಲ."

"ಈಗ ಕಂಡ್ರಲ್ಲ." ಲತಾಮಣಿ ವ್ಯಾನಿನವರಿಗೆ 'ನೀವು ಹೋಗಿ' ಎಂದು ಕೈಬೀಸಿ ಮೊಪೆಡ್ ತುಳಿದಳು. "ಪಂಜರ ತೊಡೆ ಮ್ಯಾಲೆ ಮಡೀಕಂಡು ಹಿಂದೆ ಕೂತ್ಕಳಿ. ಗಟ್ಟಿಯಾಗಿ ಹಿಡ್ಕಳಿ, ನನ್ನಲ್ಲ, ಅದನ್ನ."

ಗೊಣಗುತ್ತಲೇ ಹತ್ತಿ ಕೂತ ಮಾಯಮ್ಮ, ಗಾಡಿ ವೇಗ ಹಿಡಿಯುತ್ತಿದ್ದಂತೆ ಸೆರಗು ಬಿಚ್ಚಿ ಟವಲಿನ ಮೇಲೆ ಇನ್ನೊಂದು ಸುತ್ತು ಹೊದಿಸಿದಳು.

ದನದ ಆಸ್ಪತ್ರೆಯ ಡಾಕ್ಟರು ಎಮ್ಮೆಯೊಂದರ ಬಾಯಿಗೆ ಬಿದಿರಿನ ಗೊಟ್ಟದಲ್ಲಿ ಔಷಧಿ ಹಾಕುತ್ತಿದ್ದರು. ಪಂಜರ ನೋಡಿ ನಕ್ಕರು. "ಏನಮ್ಮ, ನಾನು ಹಸು ಎಮ್ಮೆ ನೋಡೋನು. ಇದನ್ನ ಬೆಂಗಳೂರಿಗೆ ಒಯ್ಯಬೇಕು."

"ಅಲ್ಲಿಗೆ ಓಗೋಗಂಟ ಇದು ಇರಾಕಿಲ್ಲ ಸಾರ್. ಹುಳದ ಮನೆ ಗೋಡೆಗೆ ನೇತಾಕಿದ್ವಿ, ಫಾರ್ಮಲಿನ್ ಗಾಳಿ ಕುಡ್ದದೆ. ನೀರು ಹುಯ್ದಿಲ್ಲ, ಬರೀ ಗಾಳಿಗೆ ತಂದಿವ್ನಿ. ನೀವು ನೋಡೋಗಂಟ ನಾ ಇಲ್ಲಿಂದ ಏಳಾಕಿಲ್ಲ." ಅವಳು ಬಾಗಿಲಲ್ಲೇ ಕೂತಳು. ಅವಳನ್ನು ದಾಟದೆ ಎಮ್ಮೆಯವನಿಗೂ ಹೊರಹೋಗಲು ದಾರಿಯಿರಲಿಲ್ಲ.

ಡಾಕ್ಟರು ಕೈ ತೊಳೆದು ಬಂದರು. ಪಂಜರದ ಪಕ್ಕ ಬಲ್ಬು ಹಚ್ಚಿಟ್ಟು, ಕಿಟಕಿಗಳನ್ನೆಲ್ಲ ತೆರೆಸಿ, ಹಕ್ಕಿಯನ್ನು ಮುಟ್ಟದೆ ಬಹಳ ಹೊತ್ತು ನೋಡುತ್ತಾ ಕೂತರು. "ನೀರು ಹಾಕದೆ ಗಾಳಿಗೆ ತಂದಿದ್ದು ಒಳ್ಳೇದಾಯ್ತು. ಅದರ ಬಾಲ ನೋಡಿ, ಉಸಿರು ಎಳೆದಾಗೆಲ್ಲ ಮೇಲೆ ಕೆಳಗೆ ಆಡ್ತಿದೆಯಲ್ಲ? ಹಕ್ಕಿಗೆ ಉಸಿರು ಕಷ್ಟ ಅನ್ನೋದು ಬಾಲದಲ್ಲೇ ಗೊತ್ತಾಗೋದು. ಈಗ ಸ್ವಲ್ಪ ನಿಧಾನ ಆಗಿದೆ."

ಮಿಂಚು ಜಾಲರಿಗೆ ಕೊಕ್ಕು ಸಿಕ್ಕಿಸಿ ಮೇಲೇರಲು ನೋಡಿತು. ಜಾರಿತು. ಮತ್ತೆ ಏರಿ ಕಡ್ಡಿ ಹಿಡಿಯಿತು. ಲತಾಮಣಿ ಆಗ ಉಸಿರು ಬಿಟ್ಟಳು.

"ಬದುಕುತ್ತೆ. ಇದನ್ನ ಮತ್ತೆ ಆ ಗೋಡೆ ಹತ್ರ ಕಟ್ಟಬೇಡಿ," ಎಂದರು ಡಾಕ್ಟರು. "ಅಂದ್ಹಾಗೆ, ಅಲ್ಲಿ ಇನ್ಯಾರಾದ್ರೂ ಇರ್ತಾರಾ?"

"ಯಾರೂ ಇಲ್ಲ ಸಾರ್."

"ಯಾಕವ್ವ, ನಾನಿಲ್ವಾ?" ಎಂದಳು ಮಾಯಮ್ಮ, ಪಂಜರದಿಂದ ಕಣ್ಣು ತೆಗೆಯದೆ. "ಆ ಕಿಂಡಿ ಕೆಳ್ಗೇ ಅಲ್ವಾ ನನ್ನ ಚಾಪೆ? ಔಷ್ದಿ ಹೊಡ್ದಾಗೆಲ್ಲ ನಾನೂ ಹಿಂಗೇ ಬಾಯ್ ತಕ್ಕಂಡು ಉಸ್ರು ಎಳೀತೀನಿ. ನಂಗೆ ಬಾಲ ಇಲ್ಲ ನೋಡು, ನಿಮ್ಗೆ ಕಾಣಾಕಿಲ್ಲ."